ಎರಡು ನೂಲು

ಚಿಂತಾಮಣಿಯ ಕೋಲಾರ ರಸ್ತೆಯಲ್ಲಿ, ವೇಬ್ರಿಡ್ಜ್ ದಾಟಿದರೆ
ಎಡಕ್ಕೆ ನಮ್ಮ ಟಿಂಬರ್ ಡಿಪೋ.
ಹತ್ತೊಂಬತ್ತು ವರ್ಷದಿಂದ ಇಲ್ಲಿ ಬಿಲ್ ಬರೆಯುವವನು ನಾನು.
ಮೂಗಿನಲ್ಲಿ ಮರದ ಹೊಟ್ಟು, ಕಿವಿಯಲ್ಲಿ ಗರಗಸ,
ಬೆರಳಿಗೆ ಕಾರ್ಬನ್ ಹಾಳೆಯ ನೀಲಿ.

ಮುನಿಚೌಡಮ್ಮ ಬಂದದ್ದು ಒಂದು ಬುಧವಾರ,
ಕರೆಂಟು ಹೋಗಿ ಮಿಲ್ಲು ಸುಮ್ಮನಿದ್ದ ಹೊತ್ತು.
ಕೊರಳಲ್ಲಿ ಹಳದಿ ಟೇಪು. ತೆಗೆದಿಡುವುದನ್ನೂ ಮರೆತು
ಹೊಲಿಗೆ ಮಿಷನ್ನಿನಿಂದ ಹಾಗೇ ಎದ್ದು ಬಂದಿದ್ದಳು.
ಹಿಂದಿನ ದಿನ ಕೊಂಡದ್ದು ಒಳಕೋಣೆಯ ಬಾಗಿಲಿಗೆ
ನಾಲ್ಕು-ಮೂರರ ಮತ್ತಿ ಚೌಕಟ್ಟು.
ಒಂದು ಗೇಣು ತುಂಡನ್ನು ಮೇಜಿನ ಮೇಲಿಟ್ಟು
ಬ್ಲೌಸಿನ ತೋಳು ಅಳೆಯುವ ಹಾಗೆ ಟೇಪು ಹಿಡಿದು,
"ನಾಲ್ಕು ಅಂತ ಬರೆದಿದ್ದೀರ. ಎಲ್ಲಿದೆ ನಾಲ್ಕು?
ಮೂರೂಮುಕ್ಕಾಲೂ ತುಂಬುತ್ತಿಲ್ಲ."

ಹೇಳುವುದನ್ನೇ ಹೇಳಿದೆ. ಬಾಯಿಪಾಠ.
ಕುಯ್ಯುವಾಗ ನಾಲ್ಕೇ ಇತ್ತಮ್ಮ.
ಗರಗಸದ ಹಲ್ಲು ಒಂದಿಷ್ಟು ತಿಂತು, ಬಿಸಿಲು ಒಂದಿಷ್ಟು,
ಮಿಕ್ಕಿದ್ದು ತೋಪಡ. ಎಲ್ಲ ಸೇರಿ ಎರಡು ನೂಲು.

"ನೂಲಾ?"
"ಇಂಚಿಗೆ ಎಂಟು ನೂಲು. ಮರದವರ ಲೆಕ್ಕ."
"ನೂಲು ನನ್ನ ಹತ್ತಿರ ಡಬ್ಬಿಗಟ್ಟಲೆ ಇದೆ, ಕೆಂಪು, ಹಸಿರು.
ತಂದುಕೊಡಲಾ? ಸುತ್ತಿ ಸುತ್ತಿ ನಾಲ್ಕು ಮಾಡ್ತೀರಾ?"

ದಿಮ್ಮಿಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ
ವೀರಬ್ರಹ್ಮಾಚಾರಿ ನಕ್ಕ.
ಅವನ ಮಾತು ತೆಲುಗಿನಲ್ಲಿ ಹುಟ್ಟಿ ಕನ್ನಡದಲ್ಲಿ ಮುಗಿಯುತ್ತದೆ.
"ಪೇರು ವೇರೇ, ಕೊಲತ ವೇರೇನಮ್ಮಾ.
ಹೆಸರು ಹಸಿ ಮರದ್ದು, ಸೈಜು ಒಣಗಿದ್ದರದ್ದು.
ತೊಟ್ಟಿಲಲ್ಲಿಟ್ಟ ಹೆಸರನ್ನ ಮುದುಕಾದಮೇಲೆ ಕಿತ್ತುಕೊಳ್ತಾರಾ?"

ಆಕೆ ನಗಲಿಲ್ಲ.
"ಮೂವತ್ತು-ನಲವತ್ತರ ಸೈಟು ಅಂದರು,
ಕಲ್ಲಿನಿಂದ ಕಲ್ಲಿಗೆ ಇಪ್ಪತ್ತೆಂಟೂವರೆ.
ನಾಲ್ಕಿಂಚಿನ ಗೋಡೆಗೆ ನಾಲ್ಕಿಂಚಿನ ಮರ ಅಂದ ಗಾರೆಯವನು,
ಈಗ ಗೋಡೆ ಮುಂದೆ, ಮರ ಹಿಂದೆ.
ಆ ಸಂದಿಯಲ್ಲಿ ಯಾರು ನಿಲ್ಲಬೇಕು, ನಿಮ್ಮ ಹೆಸರಾ?"

ಸ್ಟೀಲ್ ಟೇಪು ಎಳೆದು ನಾನೇ ಇಟ್ಟೆ. ಮೂರೂಮುಕ್ಕಾಲು, ಸರಿಯಾಗಿ.
ಅವಳದರಲ್ಲಿ ಕೂದಲೆಳೆಯಷ್ಟು ಕಡಿಮೆ.
ಎರಡೂ ಟೇಪನ್ನು ಮಗ್ಗುಲಲ್ಲಿ ಮಲಗಿಸಿ
ತಲೆಗೆ ತಲೆ ತಾಗುವ ಹಾಗೆ ಬಗ್ಗಿ ನೋಡಿದೆವು.
ಒಂದಡಿ ಮುಟ್ಟುವಷ್ಟರಲ್ಲಿ ಎರಡು ನೂಲಿನ ವ್ಯತ್ಯಾಸ.
ಬೀದಿಯ ಹೆಂಗಸರ ಸೊಂಟ ಸುತ್ತಿ ಸುತ್ತಿ
ಎಳೆದಾಡಿ ಉದ್ದವಾದ ಟೇಪು.

ಅವಳು ಸ್ವಲ್ಪ ಹೊತ್ತು ಅದನ್ನೇ ಬೆರಳಿಗೆ ಸುತ್ತಿಕೊಂಡಳು.
"ಅಳೆದದ್ದೂ ಇದರಲ್ಲೇ, ಕತ್ತರಿಸಿದ್ದೂ ಇದರಲ್ಲೇ.
ಯಾರಿಗೂ ಬಿಗಿಯಾಗಲಿಲ್ಲ."
ಆಮೇಲೆ ನನ್ನ ಕಡೆ ತಿರುಗಿ,
"ನೀವು ಒಂದರಲ್ಲಿ ಅಳೀತೀರಿ, ಇನ್ನೊಂದರಲ್ಲಿ ಬರೀತೀರಿ."

ಹಳೇ ಬಿಲ್ ಹರಿದು ಹೊಸದು ಬರೆದೆ.
ಮರ ಅದೇ, ದುಡ್ಡೂ ಅದೇ.
ಅಳತೆಯ ಕಾಲಂನಲ್ಲಿ ಮಾತ್ರ, ಹತ್ತೊಂಬತ್ತು ವರ್ಷಕ್ಕೆ ಮೊದಲ ಸಲ,
ಮೂರೂಮುಕ್ಕಾಲು, ಎರಡೂಮುಕ್ಕಾಲು.
ಬರೆಯುವಾಗ ಕೈ ತಡವರಿಸಿತು,
ಕಾಣದ ಊರಿನ ವಿಳಾಸ ಬರೆದ ಹಾಗೆ.
ಕಾಲಿಂಚು ಕೊಡಲಿಲ್ಲ ನಾನು. ಕೊಡಲು ಅದು ನನ್ನ ಬಳಿ ಇರಲಿಲ್ಲ,
ಮಿಲ್ಲಿನ ಕೆಳಗೆ ಹೊಟ್ಟಾಗಿ ಬಿದ್ದು
ಇಟ್ಟಿಗೆ ಗೂಡಿಗೆ ಹೋಗಿಯೂ ಆಗಿತ್ತು.

ಅವಳ ಹಿಂದೆ ನಿಂತಿದ್ದ ಕೋಳಿ ಫಾರಂ ಚೌಡರೆಡ್ಡಿ
ಕಾರ್ಬನ್ ಪ್ರತಿಯನ್ನು ಇಣುಕಿ ನೋಡಿ,
"ಎದುರಿನ ಡಿಪೋದಲ್ಲಿ ಪೂರ್ತಿ ನಾಲ್ಕು-ಮೂರು ಕೊಡ್ತಾರೆ" ಅಂತ
ರಸ್ತೆ ದಾಟಿದರು.
ಸಂಜೆ ಅವರ ಟೆಂಪೋ ನಮ್ಮ ಮುಂದೆಯೇ ಹೋಯಿತು.
ಅಷ್ಟು ದೂರದಿಂದ ನನಗೆ ಟೇಪು ಬೇಡ. ಮೂರೂಮುಕ್ಕಾಲು.
ಎದುರಿನವರು ಮರ ಕುಯ್ಯಿಸುವುದೂ ನಮ್ಮ ಮಿಲ್ಲಿನಲ್ಲೇ.

ರಾತ್ರಿ ಲೆಕ್ಕ ನೋಡುವಾಗ ಧನಜೀಭಾಯಿ
ಆ ಬಿಲ್ಲಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು.
ಬೈಯಲಿಲ್ಲ. ಫ್ಯಾನು ಜೋರು ಮಾಡಲು ಹೇಳಿದರು.

ಈಗ ಯಾರಾದರೂ ಬಂದು ನಾಲ್ಕು-ಮೂರು ಅಂದರೆ
ಪೆನ್ನಿನ ಕ್ಯಾಪು ತೆಗೆಯುವ ಮೊದಲು ಕೇಳುತ್ತೇನೆ:
ಹೆಸರಿಗೋ, ಟೇಪಿಗೋ?

ಬಹಳ ಜನ ಹೆಸರಿಗೇ ಅನ್ನುತ್ತಾರೆ.