ಅರ್ಧ ಎದ್ದದ್ದು

ಹದಿನಾರನೇ ನಂಬರಿನ ಕೊಕ್ಕೆ. ಅಕ್ಕಿಕಾಳಿಗಿಂತ ತುಸು ಉದ್ದ.
ಒಳಮುಳ್ಳನ್ನು ಇಕ್ಕುಳದಲ್ಲಿ ಅಮುಕಿ ಸಪಾಟು ಮಾಡಿದ್ದೇನೆ,
ಹಿಡಿದದ್ದನ್ನು ಬಿಡಬೇಕಲ್ಲ.
ಹಗಲೆಲ್ಲ ಸೊಸೈಟಿಯಲ್ಲಿ ಗೊಬ್ಬರದ ಬಿಲ್ಲು ಬರೆದ ಬೆರಳು
ರೇಷ್ಮೆಗೆ ಒರಟು, ಮುಟ್ಟಿದಲ್ಲೆಲ್ಲ ಎಳೆ ಏಳುತ್ತದೆ.
ಕಾಲುಜ್ಜುವ ಕಲ್ಲಿಗೆ ತುದಿ ತಿಕ್ಕಿಕೊಂಡು ಕೂತೆ.

ಮೊದಲು ಬಾಲ. ಬಾಲ ಅಂದೆ, ಅದು ಅಂಗಿ:
ಹುಳು ಕಳಚುತ್ತಿರುವ, ಇನ್ನೂ ಕಳಚದ ಅಂಗಿ.
ಈರುಳ್ಳಿ ಚೀಲದ ಬಾಯಿ ಕಟ್ಟಿದ್ದ ಕಂದು ನೈಲಾನನ್ನು
ಬಾಚಿ ಬಾಚಿ ಹೊಗೆಯಷ್ಟು ಮಾಡಿದೆ.
ಮೈಗೆ, ನಮ್ಮ ನಾಯಿ ಸುಬೇದಾರನ ಕಿವಿ ಹಿಂದಿನ ಕೂದಲು.
ಕತ್ತರಿಸುವಾಗ ಗುರ್ ಅಂದ, ಬಿಸ್ಕತ್ತಿಗೆ ರಾಜಿಯಾದ.
ಅದರ ಮೇಲೆ ನಾಲ್ಕು ಸುತ್ತು ಜರಿ,
ಬೊಳ್ಳವ್ವ ಚಿಕ್ಕಮ್ಮನ ಮದುವೆಯ ವಸ್ತ್ರದ್ದು,
ಇಲಿ ಕಡಿದ ಮೂಲೆಯಿಂದ
ಕೇಳದೇ ಎಳೆದದ್ದು.

ಈ ಹುಳುವಿಗೆ ನಮ್ಮ ಕಡೆ ಹೆಸರಿಲ್ಲ.
ದೀಪದ ಹುಳು ಅಂತಾರೆ, ದೀಪಕ್ಕೆ ಬಂದದ್ದಕ್ಕೆಲ್ಲ ಅನ್ನುವ ಹಾಗೆ.
ಪುಸ್ತಕದಲ್ಲಿ ಮೇಫ್ಲೈ.
ವಾಲ್ನೂರಿನ ಹೊಳೆಯಲ್ಲಿ ಅದು ಮೇ ತಿಂಗಳಿಗೆ ಕಾಯುವುದಿಲ್ಲ,
ಪುತ್ತರಿಯ ಕದಿರು ತೆಗೆದ ವಾರ
ಸಂಜೆ ಐದೂ ಮುಕ್ಕಾಲಿಗೆ ತಳದಿಂದ ಹೊರಡುತ್ತದೆ.

"ರೆಕ್ಕೆ ಬಿಚ್ಚಿದ್ದು ಹಾರಿಹೋಗುತ್ತೆ," ಅಂದಿದ್ದರು ಉತ್ತಯ್ಯ,
ವಾಚು ರಿಪೇರಿಯ ಗಾಜು ಇನ್ನೂ ಕಣ್ಣಲ್ಲೇ ಇತ್ತು,
"ತಳದಲ್ಲಿರೋದು ಕಲ್ಲಿನಡಿ ಸೇರುತ್ತೆ.
ಈಜು ಮರೆತು, ಹಾರೋದು ಬರದೆ
ನೀರಿನ ಕೆನೆಗೆ ಅಂಟಿಕೊಂಡಿರುತ್ತಲ್ಲ,
ಮೀನಿಗೆ ಅದು ಬೇಕು. ಅದನ್ನ ಕಟ್ಟು."

ಕಟ್ಟಿದೆ. ನೆಲ್ಯಹುದಿಕೇರಿಯ ಬೀಫಾತುವಿನ ಬಾತುಕೋಳಿ
ಬಾಲದ ಬುಡದ ಎಣ್ಣೆಪುಕ್ಕ ಎರಡು ಬಿಟ್ಟುಕೊಟ್ಟಿತ್ತು.
ಎರಡನ್ನೂ ಎತ್ತಿ ನಿಲ್ಲಿಸಿ ಗಂಟು ಹಾಕಿದೆ.
ಮೊದಲ ಹನ್ನೆರಡೂ ಚೆಂದ ಬಂದವು,
ಮೇಜಿಂದ ಎದ್ದೇ ಹೋಗುವ ಹಾಗೆ.
ಉತ್ತಯ್ಯ ಒಂದನ್ನು ಅಂಗೈಲಿಟ್ಟು ತಿರುಗಿಸಿ
"ಇದು ಆಗಲೇ ಹುಟ್ಟಿಬಿಟ್ಟಿದೆಯಲ್ಲ" ಅಂದರು.
ಬ್ಲೇಡು ತಗೊಂಡು
ಹನ್ನೆರಡರ ರೆಕ್ಕೆಯನ್ನೂ ಮೊಂಡು ಮಾಡಿದರು.
ನನಗೆ ಸಿಟ್ಟು ಬಂತು. ಬೆಲ್ಲದ ಕಾಫಿ ಕುಡಿದು ಸುಮ್ಮನಾದೆ.

ಭಾನುವಾರ ಮೊಣಕಾಲುದ್ದ ನೀರಲ್ಲಿ ನಿಂತೆ.
ಮೀನು ಬಂತು, ಮೂತಿಯಿಂದ ನೂಕಿತು, ತಿರುಗಿ ಹೋಯಿತು.
ಇನ್ನೊಮ್ಮೆ ಬಂತು. ಹೋಯಿತು.
ಆಗ ನನ್ನ ತೋಳಿನ ಮೇಲೆ ನಿಜವಾದದ್ದೊಂದು ಕೂತಿತು,
ಮಂಕು ಬೂದಿ ಬಣ್ಣ, ರೆಕ್ಕೆ ಆಗಲೇ ಇತ್ತು.
ಹಾರಿ ಮುಗಿಸಿ ಬಂದಿದೆ, ಇನ್ನೇನು ಬಾಕಿ ಅಂದುಕೊಂಡೆ.
ಬೆನ್ನು ಬಿರಿಯಿತು.
ಮೈಯೊಳಗಿಂದ ಮೈ, ರೆಕ್ಕೆಯೊಳಗಿಂದ ರೆಕ್ಕೆ
ಒದ್ದೆ ಗಾಜಿನಂತೆ ಜಾರಿ ಹೊರಗೆ ಬರುತ್ತಿದೆ,
ರೆಕ್ಕೆಗೂ ಒಂದು ಸಿಪ್ಪೆ ಇತ್ತೇ, ಅಂತ ನಾನು
ಬಗ್ಗಿ, ಉಸಿರು ಹಿಡಿದು...

ರೀಲು ಕಿರ್ರೆಂದಿತು.
ಆಚೆ ದಡದಿಂದ ಉತ್ತಯ್ಯ ಕೊಡವದಲ್ಲಿ ಬೈದರು.
ನಾನು ಕೋಲೆತ್ತುವಷ್ಟರಲ್ಲಿ ದಾರ ಸಡಿಲ,
ಕೊಕ್ಕೆಯಲ್ಲಿ ನಾಯಿಕೂದಲಿಲ್ಲ, ಜರಿಯಿಲ್ಲ.
ಎಷ್ಟು ದೊಡ್ಡ ಮೀನು ಅಂತ ಗೊತ್ತಿಲ್ಲ.
ಸೊಸೈಟಿಯಲ್ಲಿ ಕೇಳಿದವರಿಗೆ ಎಂಟು ಕೆಜಿ ಅಂದಿದ್ದೇನೆ.

ತೋಳ ಮೇಲೆ ಉಳಿದ ಸಿಪ್ಪೆಯನ್ನು
ಬೆಂಕಿಪೊಟ್ಟಣದಲ್ಲಿ ತಂದಿಟ್ಟಿದ್ದೇನೆ.
ತೆರೆದರೆ ಮೂಗಿನ ಉಸಿರಿಗೂ ಎದ್ದು ಕೂರುತ್ತದೆ.
ಇದನ್ನು ಕಟ್ಟಲು ಯಾವ ನೂಲೂ ದಪ್ಪ.

ರಾತ್ರಿ ಮತ್ತೆ ಕೊಕ್ಕೆ ಸಿಕ್ಕಿಸಿದೆ, ಕಲ್ಲಿಗೆ ಬೆರಳು ತಿಕ್ಕಿದೆ,
ಈರುಳ್ಳಿ ಚೀಲದ ಎಳೆ ಬಾಚಿದೆ.
ಸುಬೇದಾರ ಕತ್ತರಿ ಕಂಡು
ಮಂಚದಡಿ ಸೇರಿದ್ದಾನೆ. ಬಿಸ್ಕತ್ತಿಗೂ ಬರುತ್ತಿಲ್ಲ.