ಳಕ್ಕೆ ಬೀಗ

ಕಾಗದನಗರದ ನಮ್ಮ ಶಾಲೆಗೆ
ಟ್ಯಾಬ್ ಬಂದಿದ್ದು ನಾಲ್ಕು,
ಒಂದರ ಹಣೆ ಬರುವಾಗಲೇ ಒಡೆದಿತ್ತು.
ಕಾಗದ ಮಾಡಿ ಉಂಡ ಊರಿನಲ್ಲಿ,
ಮಿಲ್ಲು ನಿಂತ ಮೇಲೆ,
ಗಾಜಿನ ಮೇಲೆ ಅಕ್ಷರ ತಿದ್ದಿಸುವುದು
ನನಗೇ ಏನೋ ಮುಜುಗರ.
ಮಕ್ಕಳಿಗಿಲ್ಲ.

ಬೆರಳು ಒದ್ದೆಯಿದ್ದರೆ ಅದು ಒಪ್ಪುವುದಿಲ್ಲ.
ಮೂಗೊರೆಸಿದ ಬೆರಳು, ಹಾಲಿನ ಲೋಟದ ಬೆರಳು,
ಲಂಗಕ್ಕೆ ಚಡ್ಡಿಗೆ ಒರೆಸಿ ಒರೆಸಿ ಕೂರುತ್ತಾರೆ.
ಚುಕ್ಕಿಯಿಂದ ಚುಕ್ಕಿಗೆ ಅ ಎಳೆದರೆ
ನಕ್ಷತ್ರ ಉದುರುತ್ತವೆ, ಒಳಗಿನ ಹೆಂಗಸು
"ಅದ್ಭುತ! ಮತ್ತೊಮ್ಮೆ ಪ್ರಯತ್ನಿಸು" ಅನ್ನುತ್ತಾಳೆ
ಯಾವ ಊರಿನದೋ ಕನ್ನಡದಲ್ಲಿ.
ಊಟದ ಸಾಲಿನಲ್ಲಿ ತೌಫೀಕ
ಸಾರು ಬಡಿಸುವ ಚೌಡಮ್ಮನಿಗೆ ಹಾಗೇ ಹೇಳಿದ:
ಅದ್ಭುತ, ಮತ್ತೊಮ್ಮೆ ಪ್ರಯತ್ನಿಸು.
ಅವಳು ಇನ್ನೊಂದು ಸೌಟು ಹಾಕಿದಳು.

ಎಳಿಲರಸಿ ಮಾತ್ರ ಆಟಕ್ಕೆ ಬಗ್ಗಲಿಲ್ಲ.
ಮನೆಯಲ್ಲಿ ತಮಿಳು, ಬೀದಿಯಲ್ಲಿ ಉರ್ದು ತೆಲುಗು,
ಶಾಲೆಗೆಂದು ಇಸ್ತ್ರಿ ಮಾಡಿದ ಕನ್ನಡ.
ಒಂದೇ ಹಟ: "ಮಿಸ್, ನನ್ನ ಹೆಸರು ಎಲ್ಲಿ?"
ಸರಿಸಿದೆ, ಸರಿಸಿದೆ. ಎ ಸಿಕ್ಕಿತು.
ಮ ದಾಟಿದ್ದೇ ಎಲ್ಲ ಬೂದು, ಒಂದೊಂದರ ಮೇಲೂ
ಪುಟ್ಟ ಹಳದಿ ಬೀಗ.
ಅಲ್ಲಿಂದಾಚೆಗೆ ದುಡ್ಡು ಕಟ್ಟಬೇಕಂತೆ,
ತೊಂಬತ್ತೊಂಬತ್ತು ರೂಪಾಯಿ.
ರ, ಲ, ಸ ಎಲ್ಲ ಆಚೆಗೇ.
ಳ ಕಟ್ಟಕಡೆಗೆ, ಗೋಡೆಗೊರಗಿಕೊಂಡು.
ಅದನ್ನು ಯಾವ ಪದವೂ ಬಾಗಿಲಿಗೆ ಕಳಿಸುವುದಿಲ್ಲ ಹೇಗೂ.

ಮೂರು ದಿನ ಆ ಬೀಗವನ್ನೇ ತಟ್ಟಿದಳು.
ತಟ್ಟಿದಷ್ಟು ಸಲವೂ ಒಂದು ಸಾಲು ಮೂಡುವುದು,
ನಿನ್ನ ಅಪ್ಪ ಅಮ್ಮನನ್ನು ಕೇಳು ಅಂತ.
ಅವಳಿಗಿನ್ನೂ ಓದಲು ಬಾರದ ಸಾಲು.

ಸಂಬಳವಾದ ದಿನ ಕಟ್ಟೋಣ ಅಂದುಕೊಂಡೆ.
ಮರೆತೆ.
ನಿಜ ಹೇಳಬೇಕೆಂದರೆ ಮರೆಯಲಿಲ್ಲ,
ಕಾರ್ಡಿನ ನಂಬರು ಕೊಡಲು ಹೆದರಿದೆ.

ಮಾಗಿಯ ಶುಕ್ರವಾರ. ರಾತ್ರಿಯಿಂದ ಕರೆಂಟಿಲ್ಲ,
ಪ್ರಾರ್ಥನೆ ಮುಗಿಯುವುದರೊಳಗೆ ಟ್ಯಾಬ್ ಸತ್ತಿತ್ತು.
ಅವಳು ಕರೀ ಗಾಜಿನ ಹತ್ತಿರ ಬಾಯಿ ತಂದು
ಹಾ ಎಂದು ಉಸಿರು ಬಿಟ್ಟಳು.
ಆ ಮಬ್ಬಿನ ಮೇಲೆ, ಒರೆಸಿಕೊಳ್ಳದ ಬೆರಳಲ್ಲೇ,
ಬರೆದಳು: ಳ.
ಹೊಟ್ಟೆ ಸ್ವಲ್ಪ ಊದಿತ್ತು. ಆದರೆ ಳ.

"ಯಾರೇ ಹೇಳಿಕೊಟ್ಟಿದ್ದು?"
"ತಾತ. ಮಿಲ್ಲಿನ ಗೇಟಲ್ಲಿ ಬರೆದೈತಲ್ಲ ಮಿಸ್,
ಒಳಗೆ ಪ್ರವೇಶವಿಲ್ಲ ಅಂತ.
ಮೊದಲನೇ ಪದದಲ್ಲಿ ನಡುವಿಂದು ನಿಂದು ಅಂದ್ರು."

ನೋಡುತ್ತಿದ್ದಂತೆಯೇ ಅಂಚಿನಿಂದ ಆರತೊಡಗಿತು.
ಅವಳಿಗೇನೂ ಬೇಸರವಿಲ್ಲ.
ಆಚೆ ಓಡುತ್ತಿದ್ದ ತೌಫೀಕನ ಅಂಗಿ ಹಿಡಿದೆಳೆದು
ಗಾಜಿಗೆ ಇನ್ನೊಂದು ಉಸಿರು ಊದಿ ಅವನ ಕಡೆ ತಿರುಗಿಸಿದಳು:
"ನಿನ್ನ ಹೆಸರಲ್ಲಿ ಇದು ಇಲ್ಲ.
ಆದ್ರೂ ಬರಿ. ಬೇಗ."