ಶುಕ್ರವಾರದ ಪದರ

ನೌವೊ ದ್ವೀಪದ ಯಾರ್ಡಿನಲ್ಲಿ, ಟೀರಾಳ ಹೊಟ್ಟೆಯಡಿ
ಅಂಗಾತ ಮಲಗಿ ಮೂರು ವಾರ.
ಬೆನ್ನಿಗೆ ಹಳೇ ಹಾಸಿಗೆಯ ಸ್ಪಂಜು, ಮುಖಕ್ಕೆ ರಬ್ಬರಿನ ಮುಸುಕು,
ಮೂಗಿನಿಂದ ಗೇಣೆತ್ತರಕ್ಕೆ
ಐವತ್ತು ವರ್ಷ ಬಾಲ್ಟಿಕ್ ಕಡಲಲ್ಲಿ ನೆನೆದ ತಳ.

ಮೊದಲ ಗುಳ್ಳೆಯನ್ನು ಉಳಿಯ ಮೊನೆಯಲ್ಲಿ ಒಡೆದೆ.
ಕಂದು ನೀರು ಕೆನ್ನೆಗೆ ಚಿಮ್ಮಿತು, ವಿನೆಗರಿನ ಹುಳಿ ಘಾಟು,
ಯಾರೋ ಮರೆತಿಟ್ಟ ಮೀನಿನ ಭರಣಿ ತೆರೆದ ಹಾಗೆ.
‘ಎಣಿಸಬೇಡ’ ಅಂದ ಇಲ್ಪೊ.
ಎಣಿಸಿದೆ. ಇನ್ನೂರ ಹನ್ನೊಂದಕ್ಕೆ ಕೈಬಿಟ್ಟೆ.

ತೂತು ಬಿದ್ದು ನುಗ್ಗಿದ ನೀರಲ್ಲ ಇದು.
ಹನಿ ಅನ್ನಿಸಿಕೊಳ್ಳುವಷ್ಟೂ ದಪ್ಪವಾಗದೆ
ಗಟ್ಟಿ ಅಂದುಕೊಂಡದ್ದರೊಳಗೇ
ಒಲೆ ಪಕ್ಕ ಜಾಗ ಸಿಕ್ಕ ನೆಂಟನಂತೆ
ಸದ್ದಿಲ್ಲದೆ ಕೂತದ್ದು.

ಉಜ್ಜುವ ಯಂತ್ರ ಕೂಗಿತು. ಕೆಂಪು ಬಣ್ಣ ಹೋಯಿತು,
ಅದರಡಿ ನೀಲಿ, ಅದರಡಿ
ನನಗೆ ಗೊತ್ತಿಲ್ಲದ ಯಾವ ಒಡೆಯನದೋ ಹಸಿರು.
ಗಾಜಿನ ಪುಡಿ ಮೊಣಕೈ ಮಡಿಕೆಗೆ ಇಳಿದು
ಸೌನಾದ ಬಿಸಿಗೂ ಬಿಡದ ತುರಿಕೆ.
ಆಮೇಲೆ ಸಿಹಿನೀರಲ್ಲಿ ತೊಳೆದದ್ದು, ಸುತ್ತ ಪ್ಲಾಸ್ಟಿಕ್ ಲಂಗ ಕಟ್ಟಿದ್ದು,
ತೇವ ಅಳೆಯುವ ಮುಳ್ಳು: ಇಪ್ಪತ್ತೆರಡು, ಹತ್ತೊಂಬತ್ತು,
ಹತ್ತೊಂಬತ್ತು, ಹತ್ತೊಂಬತ್ತು.
ಪಕ್ಕದ ದೋಣಿಗಳೆಲ್ಲ ಕ್ರೇನೇರಿ ನೀರಿಗಿಳಿದವು.
‘ಯಾವಾಗ?’ ಅಂತ ಕೇಳುವವರೂ
ಕೊನೆಗೆ ಕೇಳುವುದು ಬಿಟ್ಟರು.

ಎಡಮಗ್ಗುಲಲ್ಲಿ, ಅಡಿಗಂಬಕ್ಕೆ ಮೊಳ ದೂರ,
ಅಂಗೈಯಗಲ ಬಿಳಚು.
ರಾಳ ಕುಡಿಯದ ನಾರು, ಬೇಯದ ಶ್ಯಾವಿಗೆಯಂತೆ
ಎಳೆ ಎಳೆ ಕಿತ್ತು ಬಂತು;
ನಡುವೆ ಬ್ರಷ್ಷಿನದೊಂದು ಕರಿ ಕೂದಲು.

ಇಲ್ಪೊ ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ.
ನಾಣ್ಯದಲ್ಲಿ ತಟ್ಟುತ್ತ ಬಂದ: ಟಕ್, ಟಕ್, ಟಕ್,
ಅಲ್ಲಿ ಮಾತ್ರ, ಡಬ್.
‘ಶುಕ್ರವಾರದ್ದು’ ಅಂದ.

ಕಾಫಿ ಆರುವ ತನಕ ಮಾತಿಲ್ಲ. ಆಮೇಲೆ, ಲೋಟಕ್ಕೆ ಹೇಳುವ ಹಾಗೆ:
‘ಎಪ್ಪತ್ತನಾಲ್ಕರ ಬೇಸಿಗೆ, ಕಾರ್ಖಾನೆಯಲ್ಲಿ ಎಡಮಗ್ಗುಲು ನಂದು.
ಹದಿನೇಳು ವಯಸ್ಸು. ಪರೈನೆನ್‌ನಲ್ಲಿ ಕುಣಿತ.
ಏಳು ಗಂಟೆಗೆ ಬಸ್ಸು.’
ಯಾರು ಕಾಯ್ತಿದ್ದರು ಅಂತ ಕೇಳಿದೆ.
ಸಕ್ಕರೆ ಹಾಕದವನು
ಸಕ್ಕರೆ ಡಬ್ಬಿ ಹುಡುಕತೊಡಗಿದ.

ಜೂನ್ ಹದಿನಾಲ್ಕು. ಹದಿನೆಂಟು ಡಿಗ್ರಿ, ಗಾಳಿಯಿಲ್ಲ.
ರಾಳ ಐದು ಪಾಲು, ಗಟ್ಟಿಸುವುದು ಒಂದು.
ಕೈಯಲ್ಲಿ ಬಟ್ಟಲು ತಾನೇ ಬೆಚ್ಚಗಾಗತೊಡಗುತ್ತದೆ;
ಅಲ್ಲಿಂದ ಇಪ್ಪತ್ತು ನಿಮಿಷ, ಬೇಡಿಕೊಂಡರೂ ಇಪ್ಪತ್ತೊಂದಿಲ್ಲ.
ತಲೆ ಮೇಲಿನ ಕೆಲಸ: ಅಂಟಿಸಿದ ಬಟ್ಟೆ ಜಾರಿ
ಹಣೆಗೆ ಬೀಳುತ್ತದೆ, ತೋಳಿನೊಳಗೆ ಜೇನಿನಂತೆ ಇಳಿಯುತ್ತದೆ.
ನಾನು ಬೈದೆ. ಇಲ್ಪೊ ಉರುಳೆ ಹಿಡಿದು
ಬಿಳಿ ನಾರು ಕಾಣದಾಗುವ ತನಕ ಒತ್ತಿದ,
ಒಂದೊಂದು ಗಾಳಿಗುಳ್ಳೆಯನ್ನೂ ಅಂಚಿಗೆ ಅಟ್ಟಿ.

ಆ ಅಂಗೈಯಗಲಕ್ಕೆ ಮಾತ್ರ ಮತ್ತೆ ಬಂದ.
‘ಆಯ್ತಲ್ಲ’ ಅಂದೆ. ಮತ್ತೆ ಬಂದ.
ಬ್ರಷ್ಷಿಂದ ಕೂದಲೊಂದು ಉದುರಿ ಹಸಿಯಲ್ಲಿ ಅಂಟಿತು.
ಉಗುರಲ್ಲಿ ಮೆಲ್ಲಗೆ ಎತ್ತಿ, ಪ್ಯಾಂಟಿಗೆ ಒರೆಸಿಕೊಂಡ.

ನೆಲದ ಮೇಲೆ ಉಳಿಕೆಯ ಬಟ್ಟಲು ಹೊಗೆಯಾಡುತ್ತಿತ್ತು.
ರಾತ್ರಿ ಹತ್ತೂವರೆ, ಇನ್ನೂ ಬೆಳಕು.
ಶುಕ್ರವಾರ ಅಂತ ನೆನಪಾದದ್ದು ನನಗೆ;
ಅವನು ಗಡಿಯಾರ ನೋಡಲೇ ಇಲ್ಲ.